ಸೆಂಟರ್ ಹುಡುಕುವ ಮೊದಲು ಕ್ಯಾಲೆಂಡರ್ ನೋಡಿ

ಮಗನಿಗೆ ಎರಡು ವರ್ಷ ಏಳು ತಿಂಗಳು. ಸ್ಯಾನ್ ಹೋಸೆಗೆ ಬಂದು ಎರಡು ತಿಂಗಳಾಗಿದೆ. ಡಾಕ್ಟರು ಆಟಿಸಂ ಎಂದು ಹೇಳಿ ಎಬಿಎ (ವರ್ತನೆ, ಕೌಶಲಗಳನ್ನು ಹಂತಹಂತವಾಗಿ ಕಲಿಸುವ) ಥೆರಪಿಗೆ ಬರೆದುಕೊಟ್ಟಿದ್ದಾರೆ. ಮನೆ ಹತ್ತಿರದ ಸೆಂಟರಿನವರು ಫೋನಿನಲ್ಲೇ ವಾರಕ್ಕೆ 30 ಗಂಟೆ ಬೇಕು ಅಂದಿದ್ದಾರೆ, ಸೇರಿಸಬಹುದಾ ಎಂದು ಕೇಳಿದ್ದೀರಿ.

ಸೆಂಟರಿನ ಮಾತು ಆಮೇಲೆ. ಮೊದಲು ಮಗನ ವಯಸ್ಸು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಬೆಳವಣಿಗೆ ತಡವಾದ ಮೂರು ವರ್ಷದ ಒಳಗಿನ ಮಕ್ಕಳಿಗೆ ಅರ್ಲಿ ಸ್ಟಾರ್ಟ್ ಎಂಬ ಸರ್ಕಾರಿ ನೆರವು ಇದೆ, ಅದನ್ನು ನಡೆಸುವುದು ರೀಜನಲ್ ಸೆಂಟರ್ ಎಂಬ ಸಂಸ್ಥೆ. ರಾಜ್ಯದಲ್ಲಿ ಇಂಥವು 21 ಇವೆ. ನಿಮ್ಮ ಸಾಂಟಾ ಕ್ಲಾರಾ ಕೌಂಟಿಗೆ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್. ನಾಳೆ ಫ್ರೀಮಾಂಟ್ ಕಡೆ ಮನೆ ಬದಲಿಸಿದರೆ ಈಸ್ಟ್ ಬೇ ರೀಜನಲ್ ಸೆಂಟರ್. ಡಾಕ್ಟರ ಚೀಟಿ ಬೇಡ, ನೀವೇ ಫೋನ್ ಮಾಡಬಹುದು. ಎಚ್-4 ವೀಸಾ ಅಡ್ಡಿಯಲ್ಲ, ಪರೀಕ್ಷೆಗೆ ದುಡ್ಡಿಲ್ಲ. ನೀವು ಕೇಳಿದ ದಿನದಿಂದ 45 ದಿನದೊಳಗೆ ಪರೀಕ್ಷೆ ಮಾಡಿ, ಕೂತು ಯೋಜನೆ ಬರೆಯಬೇಕೆಂಬುದು ಕಾನೂನು. ಆದರೆ ಮೂರನೇ ಹುಟ್ಟುಹಬ್ಬಕ್ಕೆ 45 ದಿನಕ್ಕಿಂತ ಕಡಿಮೆ ಉಳಿದಾಗ ಹೋದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ನಿಮಗಿರುವುದು ಐದು ತಿಂಗಳು. ಫೋನ್ ಇವತ್ತೇ ಮಾಡಿ.

ಮೂರು ತುಂಬಿದ ದಿನದಿಂದ ಜವಾಬ್ದಾರಿ ಸ್ಕೂಲ್ ಡಿಸ್ಟ್ರಿಕ್ಟಿಗೆ ಹೋಗುತ್ತದೆ. ಆ ದಾಟುವಿಕೆಯ ಸಭೆ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮೊದಲೇ ಆಗಬೇಕು, ಮಗು ಅರ್ಹ ಎಂದಾದರೆ ಹುಟ್ಟುಹಬ್ಬದ ಹೊತ್ತಿಗೆ ಐಇಪಿ (ಮಗುವಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ) ಸಿದ್ಧವಿರಬೇಕು. ರೀಜನಲ್ ಸೆಂಟರಿನವರು ತಿಳಿಸುತ್ತಾರೆ ಎಂದು ಕೂರಬೇಡಿ, ಡಿಸ್ಟ್ರಿಕ್ಟಿಗೆ ನೀವೂ ಒಂದು ಪತ್ರ ಬರೆದು ಹಾಕಿ. ಬಾಯಲ್ಲಿ ಹೇಳಿದ್ದಕ್ಕೆ ತಾರೀಖಿಲ್ಲ, ಬರೆದದ್ದಕ್ಕಿದೆ. ಪತ್ರ ಸಿಕ್ಕ 15 ದಿನದಲ್ಲಿ ಅವರು ಪರೀಕ್ಷೆಯ ಯೋಜನೆ ಕಳಿಸಬೇಕು. ನೀವು ಸಹಿ ಹಾಕಿ ಕೊಟ್ಟ ಮೇಲೆ 60 ದಿನದಲ್ಲಿ ಪರೀಕ್ಷೆ ಮುಗಿಸಿ ಸಭೆ ಸೇರಬೇಕು. ಬೇಸಿಗೆ ರಜೆ ಈ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಮೇ ತಿಂಗಳಲ್ಲಿ ಕೊಟ್ಟ ಪತ್ರ ಸೆಪ್ಟೆಂಬರ್ ದಾಟಿದರೂ ಆಶ್ಚರ್ಯವಿಲ್ಲ.

ಇನ್ನು ಥೆರಪಿ ಸೆಂಟರ್. ಮಗುವನ್ನು ನೋಡದೆಯೇ 30 ಗಂಟೆ ಅಂದವರ ಮಾತಿಗೆ ಬೆಲೆ ಕೊಡಬೇಡಿ. ಗಂಟೆಗಳ ಲೆಕ್ಕ ಪರೀಕ್ಷೆಯ ವರದಿಯಿಂದ ಹೊರಡಬೇಕು, ಖಾಲಿ ಇರುವ ಸ್ಲಾಟಿನಿಂದಲ್ಲ. ಎರಡೂವರೆ ವರ್ಷದ ಮಗು ಮಧ್ಯಾಹ್ನ ಮಲಗುತ್ತದೆ. ನಿದ್ದೆ, ಊಟ, ಸ್ಪೀಚ್ ಥೆರಪಿ ಕಳೆದು ದಿನಕ್ಕೆ ಆರು ಗಂಟೆ ಎಲ್ಲಿಂದ ತರುತ್ತೀರಿ ಎಂದು ಅವರನ್ನೇ ಕೇಳಿ.

ಗೋಡೆಯ ಬಣ್ಣ, ಉಯ್ಯಾಲೆ, ಬಾಲ್ ಪಿಟ್ ನೋಡಿ ಮರುಳಾಗಬೇಡಿ. ದಿನವೂ ಮಗುವಿನ ಜೊತೆ ನೆಲದ ಮೇಲೆ ಕೂರುವವರು ಆರ್‌ಬಿಟಿ. ಹೈಸ್ಕೂಲು ಮುಗಿಸಿ, 40 ಗಂಟೆಯ ತರಬೇತಿ ಪಡೆದು, ಪರೀಕ್ಷೆ ಪಾಸಾದವರು. ಒಳ್ಳೆಯವರು ಬೇಕಾದಷ್ಟು ಇದ್ದಾರೆ, ಆದರೆ ಏನು ಕಲಿಸಬೇಕು, ಯಾವಾಗ ಬದಲಿಸಬೇಕು ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಅದು ಸ್ನಾತಕೋತ್ತರ ಪದವಿ ಇರುವ ಮೇಲ್ವಿಚಾರಕ ತಜ್ಞರು, ಅಂದರೆ ಬಿಸಿಬಿಎ, ಮಾಡಬೇಕಾದದ್ದು. ನೀವು ಆರಿಸುತ್ತಿರುವುದು ಆ ಒಬ್ಬ ಬಿಸಿಬಿಎಯನ್ನು, ಕಟ್ಟಡವನ್ನಲ್ಲ. ಹೆಸರು ಕೇಳಿಕೊಂಡು, ಈ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಬಿಎಸಿಬಿಯ ವೆಬ್‌ಸೈಟಿನಲ್ಲಿ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯೇ ನೋಡಿ. ಅವರ ಕೈಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ, ಆರು ತಿಂಗಳಲ್ಲಿ ಒಂದು ಮಗುವಿಗೆ ಎಷ್ಟು ಸಲ ಆರ್‌ಬಿಟಿ ಬದಲಾದರು, ಆರ್‌ಬಿಟಿ ರಜೆ ಹಾಕಿದ ದಿನ ಯಾರು ಬರುತ್ತಾರೆ, ಇಷ್ಟನ್ನೂ ಕೇಳಿ.

ಆರ್‌ಬಿಟಿ ಮಾಡುವ ಗಂಟೆಗಳಲ್ಲಿ ತಿಂಗಳಿಗೆ ಕನಿಷ್ಠ 5 ಪರ್ಸೆಂಟ್ ಮೇಲ್ವಿಚಾರಣೆ ಇರಬೇಕೆಂಬುದು ಸರ್ಟಿಫಿಕೇಟಿನ ನಿಯಮ. ವಾರಕ್ಕೆ 20 ಗಂಟೆ ಅಂದರೆ ತಿಂಗಳಿಗೆ 80, ಅದರಲ್ಲಿ ಬರೀ 4 ಗಂಟೆ. ಇದು ತಳಮಟ್ಟ. ಈ ಕ್ಷೇತ್ರದವರೇ ಒಪ್ಪಿಕೊಂಡ ಮಾರ್ಗಸೂಚಿ ಹತ್ತು ಗಂಟೆಗೆ ಸುಮಾರು ಎರಡು ಗಂಟೆ ಎನ್ನುತ್ತದೆ (ಮಗುವಿನ ಎದುರಿನದು, ಕಾಗದದ ಕೆಲಸ ಎರಡೂ ಸೇರಿ). ಸೇರಿಸಿದ ಮೇಲೆ ಇದನ್ನು ಹಿಡಿಯುವ ಸುಲಭ ದಾರಿ ಇನ್ಶೂರೆನ್ಸ್ ಕಂಪನಿ ಕಳಿಸುವ ಇಒಬಿ ಪತ್ರ, ಅಂದರೆ ಯಾವ ಸೇವೆಗೆ ಎಷ್ಟು ಬಿಲ್ಲಾಯಿತು ಎಂಬ ವಿವರ. ಅದರಲ್ಲಿ 97153 ಎಂಬ ಬಿಲ್ಲಿಂಗ್ ಕೋಡ್ ಇದ್ದರೆ ಆರ್‌ಬಿಟಿ ಕೂತ ಸಮಯ, ಹದಿನೈದು ನಿಮಿಷಕ್ಕೆ ಒಂದು ಯೂನಿಟ್, 20 ಗಂಟೆಗೆ 80 ಯೂನಿಟ್. 97155 ಎಂದರೆ ಬಿಸಿಬಿಎ ಖುದ್ದಾಗಿ ಮಗುವಿನ ಜೊತೆ ಇದ್ದು ಪಾಠ ತಿದ್ದಿದ್ದು. 97156 ಅಪ್ಪ ಅಮ್ಮನಿಗೆ ಹೇಳಿಕೊಟ್ಟದ್ದು. ತಿಂಗಳೆಲ್ಲ 97153 ಸಾಲುಗಟ್ಟಿ, 97155 ಎಲ್ಲೋ ಒಂದೆರಡು ಸಲ ಕಂಡರೆ ನಿಮ್ಮ ಮಗುವನ್ನು ಯಾರೂ ಗಮನಿಸುತ್ತಿಲ್ಲ ಎಂದೇ ಅರ್ಥ. 97156 ಇಲ್ಲವೇ ಇಲ್ಲ ಎಂದಾದರೆ ಅಲ್ಲಿ ಕಲಿತದ್ದು ಮನೆಗೆ ಬರುವುದಿಲ್ಲ.

ನೋಡಲು ಹೋದ ದಿನ ಥೆರಪಿ ನಡೆಯುತ್ತಿರುವ ಕೋಣೆ ಹತ್ತು ನಿಮಿಷ ನೋಡಬೇಕು ಅನ್ನಿ. ಬೇರೆ ಮಕ್ಕಳ ಗೋಪ್ಯತೆ ಎಂದು ಅಡ್ಡ ಹೇಳಬಹುದು, ಅದು ನ್ಯಾಯವೇ. ಆದರೆ ನಿಮ್ಮ ಮಗುವಿನ ಥೆರಪಿಯನ್ನೇ ನೀವು ನೋಡುವಂತಿಲ್ಲ ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಮಗು ಆಟಿಕೆ ದೂಡಿ ಮುಖ ತಿರುಗಿಸಿದಾಗ ಏನು ಮಾಡುತ್ತಾರೆ? ಕೈ ಹಿಡಿದು ಬಲವಂತವಾಗಿ ಮಾಡಿಸುತ್ತಾರೋ, ನಿಂತು ಕಾಯುತ್ತಾರೋ? ಎಬಿಎಯಲ್ಲಿ ಬೆಳೆದ ಎಷ್ಟೋ ಆಟಿಸ್ಟಿಕ್ ವಯಸ್ಕರ ದೂರು ಇರುವುದೇ ಇಲ್ಲಿ. ‘ಕಣ್ಣಿಗೆ ಕಣ್ಣಿಟ್ಟು ನೋಡುವುದು’, ‘ಕೈ ಸುಮ್ಮನಿಡುವುದು’ ಎಂಬ ಗುರಿಗಳು ಯೋಜನೆಯಲ್ಲಿದ್ದರೆ ತೆಗೆಸಿ. ‘ಬೇಡ’ ಎಂದು ಹೇಳಲು ಕಲಿಯುವುದೂ ಒಂದು ಗುರಿಯಾಗಿರಲಿ.

ನಮ್ಮ ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ಎಡವುವುದು ಪರೀಕ್ಷೆಯ ಪ್ರಶ್ನಾವಳಿಯಲ್ಲಿ. ‘ಫೋರ್ಕ್ ಬಳಸುತ್ತಾನೆಯೇ’ ಎಂದು ಕೇಳುತ್ತಾರೆ, ಅಮ್ಮ ಇಲ್ಲ ಅನ್ನುತ್ತಾಳೆ, ಅಂಕ ಇಳಿಯುತ್ತದೆ. ಅವನು ಮೊಸರನ್ನವನ್ನು ಕೈಯಲ್ಲಿ ಚೆಲ್ಲದೆ ತಿನ್ನುತ್ತಾನೆ, ಫೋರ್ಕ್ ಕೊಟ್ಟೇ ಇಲ್ಲ ಎಂದು ಹೇಳಿ, ಹಾಗೆಯೇ ಬರೆಸಿ. ಪರೀಕ್ಷೆ ಮನೆಮಾತಿನಲ್ಲಿ ನಡೆಯಬೇಕು, ದುಭಾಷಿಯನ್ನು ಕೇಳುವ ಹಕ್ಕು ನಿಮಗಿದೆ. ಅವನು ಬಲ್ಲ ಕನ್ನಡ ಮಾತುಗಳನ್ನು, ನೀರು, ಬೇಕು, ಸಾಕು, ಅಜ್ಜಿ, ಉಚ್ಚೆ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಹಾಳೆಗೆ ಬರೆದು ಆರ್‌ಬಿಟಿ ಕೈಗೆ ಕೊಡಿ. ಇಲ್ಲದಿದ್ದರೆ ಅವನು ‘ಸಾಕು’ ಎಂದದ್ದು ಬರೀ ಶಬ್ದ ಎಂದು ದಾಖಲಾಗುತ್ತದೆ. ಮನೆಯಲ್ಲಿ ಇಂಗ್ಲಿಷೇ ಆಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಎರಡು ಭಾಷೆಯಿಂದ ಮಾತು ಹಿಂದೆ ಬೀಳುವುದಿಲ್ಲ. ಬಹುಮಾನಕ್ಕೆ ತಿಂಡಿ ಕೊಡುತ್ತಾರೆಯೇ ಕೇಳಿ. ಗಮಿ ಬೇರ್, ಮಾರ್ಷ್‌ಮೆಲೋಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಸಸ್ಯಾಹಾರಿಗಳಾದರೆ ಡಬ್ಬಿಯಲ್ಲಿ ಮಂಡಕ್ಕಿ ಕಳಿಸಿ.

ದುಡ್ಡಿನ ವಿಷಯ ಚುಟುಕಾಗಿ. ನಿಮ್ಮ ಕಂಪನಿಯ ಇನ್ಶೂರೆನ್ಸ್ ಪ್ಲಾನ್ ಸೆಲ್ಫ್-ಫಂಡೆಡ್ (ಖರ್ಚಿನ ದುಡ್ಡು ಕಂಪನಿಯೇ ಹಾಕುವುದು) ಹೌದೋ ಅಲ್ಲವೋ ಎಚ್‌ಆರ್‌ಗೆ ಕೇಳಿ. ಹೌದಾದರೆ ಆಟಿಸಂ ಥೆರಪಿಗೆ ದುಡ್ಡು ಕೊಡಲೇಬೇಕೆಂಬ ರಾಜ್ಯದ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ, ಪ್ಲಾನಿನ ಪುಸ್ತಕದಲ್ಲಿ ಏನಿದೆಯೋ ಅಷ್ಟೇ. ಕೋಪೇ (ಪ್ರತಿ ಸಲ ನೀವು ಕೈಯಿಂದ ಕೊಡುವ ಪಾಲು) ಸಾಮಾನ್ಯವಾಗಿ ದಿನಕ್ಕೊಂದು ಸಲ ಬೀಳುತ್ತದೆ. 30 ಡಾಲರಿನಂತೆ ವಾರಕ್ಕೆ ಐದು ದಿನ ಅಂದರೆ ತಿಂಗಳಿಗೆ 600, ಔಟ್-ಆಫ್-ಪಾಕೆಟ್ ಮಿತಿ (ವರ್ಷಕ್ಕೆ ನೀವು ಕೊಡಬೇಕಾದ ಗರಿಷ್ಠ ಮೊತ್ತ) ಮುಟ್ಟುವವರೆಗೆ. ಹೆಚ್ಚಿನ ಪ್ಲಾನುಗಳಲ್ಲಿ ಜನವರಿ ಒಂದಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ.

ಮೂರ್ನಾಲ್ಕು ಕಡೆ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ, ಅದು ತಪ್ಪಲ್ಲ. ಸೇರಿಸಿದ ಮೇಲೆ ಸರಿಬರದೆ ಬದಲಿಸುವುದಾದರೆ ಹಳೆಯ ಸೆಂಟರಿನಿಂದ ಪರೀಕ್ಷೆಯ ವರದಿ, ಗ್ರಾಫು, ಇದುವರೆಗಿನ ಗುರಿಗಳ ಪಟ್ಟಿ ಮೊದಲು ಕೈಗೆ ಪಡೆಯಿರಿ. ಹೊಸಬರು ಶುರುಮಾಡುವ ತಾರೀಖು ಬರವಣಿಗೆಯಲ್ಲಿ ಬಂದ ಮೇಲಷ್ಟೇ ಹಳಬರಿಗೆ ಬಿಡುತ್ತೇವೆಂದು ತಿಳಿಸಿ.