ಶಾಂಟಿ ಹಾಡು ಹಗ್ಗ ಎಳೆಯೋಕೆ, ಟೈಮ್‌ಪಾಸ್‌ಗಲ್ಲ

ಹಾಯಿಹಡಗಿನ ನಾವಿಕರು ಶಾಂಟಿ ಅನ್ನೋ ತಮ್ಮ ಹಾಡುಗಳನ್ನು ಬೇಜಾರು ಕಳೆಯಲು ಹಾಡುತ್ತಿದ್ದರಾ, ಒಂದೇ ಸೊಲ್ಲು ಯಾಕೆ ಅಷ್ಟು ಸಲ ಬರುತ್ತದೆ ಅಂತ ಕೇಳಿದ್ದೀರಿ. ಗುಟ್ಟೆಲ್ಲ ಆ ಸೊಲ್ಲಿನಲ್ಲೇ ಇದೆ.

19ನೇ ಶತಮಾನದ ಬ್ರಿಟಿಷ್, ಅಮೆರಿಕನ್ ಸರಕು ಹಡಗುಗಳಲ್ಲಿ ಆಳುಗಳು ಕಡಿಮೆ, ಹಾಯಿಗಳೋ ಭಾರಿ. ಹಾಯಿ ಏರಿಸುವಾಗ ಶಾಂಟಿಮ್ಯಾನ್, ಅಂದರೆ ಹಾಡು ಶುರುಮಾಡುವ ನಾವಿಕ, ಒಬ್ಬನೇ ಒಂದು ಸಾಲು ಹಾಡುತ್ತಿದ್ದ. ಅಷ್ಟರಲ್ಲಿ ಉಳಿದವರು ಉಸಿರೆಳೆದುಕೊಂಡು ಹಗ್ಗದ ಮೇಲಿನ ಹಿಡಿತ ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರೂ ಸೊಲ್ಲೆತ್ತಿದರೆ, ಒತ್ತು ಬೀಳುವ ಕಡೆ ಸಾಮಾನ್ಯವಾಗಿ ಎರಡು ಎಳೆತ. ಎಂಟು ಜನ ಸುಮ್ನೆ ತಮತಮಗೆ ತೋಚಿದಾಗ ಎಳೆದರೆ ಹಾಯಿ ಕದಲುವುದಿಲ್ಲ, ಅಲ್ವಾ? ಹಾಯಿ ಮೇಲೇರಿತೋ, ಕಥೆ ಅರ್ಧದಲ್ಲಿದ್ದರೂ ಹಾಡು ಬಂದ್! ಕೆಲಸ ಇನ್ನೂ ಜಾಸ್ತಿ ಇದ್ದರೆ ನಿಂತಲ್ಲೇ ಹೊಸ ಸಾಲು ಕಟ್ಟಬೇಕು. ಕ್ಯಾಪ್ಟನ್ನನ್ನು, ಹಡಗಿನ ಊಟವನ್ನು ಬೈಯಲು ಅದೇ ಒಳ್ಳೇ ಅವಕಾಶ.

ಲಂಗರು ಎತ್ತುವ ಹಾಡಿನ ಲಯವೇ ಬೇರೆ. ಅಲ್ಲಿ ಕ್ಯಾಪ್‌ಸ್ಟನ್‌ಗೆ, ಅಂದರೆ ಲಂಗರನ್ನು ಮೇಲೆಳೆಯಲು ತಿರುಗಿಸುವ ನೆಟ್ಟನೆಯ ರಾಟೆಗೆ, ಸಿಕ್ಕಿಸಿದ ಮರದ ಹಿಡಿಗಳನ್ನು ತಳ್ಳುತ್ತಾ ಸುತ್ತಬೇಕು. ಹಾಗಾಗಿ ನಡಿಗೆಯ ಲಯ, ಉದ್ದನೆಯ ಪಲ್ಲವಿ. ಬ್ರಿಟಿಷ್ ನೌಕಾಪಡೆಯಲ್ಲಿ ಮಾತ್ರ ಕೆಲಸದ ಹೊತ್ತಲ್ಲಿ ಹಾಡುವಂತಿರಲಿಲ್ಲ. ಪಿಟೀಲು, ಕೊಳಲಿನ ಲಯಕ್ಕೆ ದುಡಿಯುತ್ತಿದ್ದರು.

ಬೇಜಾರು ಕಳೆಯುವ ಹಾಡುಗಳೂ ಇದ್ದವು. ಆದರೆ ಅವು ಪಾಳಿ ಮುಗಿದ ಮೇಲೆ, ಆರಾಮಾಗಿ ಕೂತಾಗ.