ಒಂದೇ ಸೀಸ್ಮೋಮೀಟರ್ (ನೆಲದ ಕಂಪನ ಅಳೆಯುವ ಉಪಕರಣ) ಡೇಟಾದಿಂದ ಮಂಗಳ ಗ್ರಹದ ಒಳಗನ್ನು ತಿಳಿಯಬಹುದಾ? ಎಂಎಸ್ಸಿ ಪ್ರಾಜೆಕ್ಟ್‌ಗೆ ಇದನ್ನು ತಗೊಳ್ಳಲಾ, ಇನ್ನಷ್ಟು ನೌಕೆ ಇಳಿಯೋವರೆಗೆ ಕಾಯಲಾ?

ಕಾಯಬೇಡಿ. ಮಂಗಳದ ನೆಲಕ್ಕೆ ಸೀಸ್ಮೋಮೀಟರ್ ಇಳಿಸಿದ ನಾಸಾದ ಇನ್‌ಸೈಟ್ ನೌಕೆಯ ಡೇಟಾ ಇಟ್ಟುಕೊಂಡು ನಾನೂ ಎಂಎಸ್ಸಿ ಪ್ರಾಜೆಕ್ಟ್ ಮಾಡಿದ್ದೆ. ಒಂದೇ ಸ್ಟೇಷನ್, ಅಂದರೆ ಒಂದೇ ಜಾಗದ ಸೀಸ್ಮೋಮೀಟರ್, ಸಾಕಾಗುತ್ತಾ ಅನ್ನೋ ಚಿಂತೆ ನನಗೂ ಇತ್ತು. ಆದರೆ ಏಟು ಬಿದ್ದಿದ್ದು ಬೇರೆ ಕಡೆಯಿಂದ. ನಾನು ಭೂಮಿಯ ಗಡಿಯಾರ ನೋಡಿಕೊಂಡು ಕೂತಿದ್ದೆ.

ಸಿಗ್ನಲ್ ದಿಢೀರ್ ಅಂತ ಜೋರಾದರೆ ಗುರುತು ಹಾಕುವ ಒಂದು ಪ್ರೋಗ್ರಾಂ ಬರೆದೆ. ಉದ್ದನೆಯ ಪಟ್ಟಿ ಬಂತು. ಇದೆಲ್ಲ ಗಾಳಿಯ ಸದ್ದಾಗಿದ್ದರೆ ದಿನದ ಒಂದೇ ಹೊತ್ತಲ್ಲಿ ಗುಂಪಾಗಿ ಬರಬೇಕು ಅಲ್ವಾ? ಹಾಗಂತ ಗಂಟೆವಾರು ಗ್ರಾಫ್ ಹಾಕಿದೆ. 24 ಗಂಟೆಗೂ ಸಮನಾಗಿ ಹರಡಿತ್ತು. ಗಾಳಿ ಅಲ್ಲ, ಎಲ್ಲವೂ ಮಂಗಳದ ಕಂಪನವೇ ಅಂತ ನಂಬಿಬಿಟ್ಟೆ. ಕಾನ್ಫರೆನ್ಸ್‌ಗೂ ಬರೆದು ಕಳಿಸಿದೆ.

ಗೈಡ್ ಮೇಡಂ ಗ್ರಾಫ್ ನೋಡಿ ಕೇಳಿದ್ದು ಒಂದೇ ಮಾತು: "ಆಗ ಅಲ್ಲಿ ಗಂಟೆ ಎಷ್ಟು?"

ಮಂಗಳದ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡ್. ನಾನು ಹಾಕಿದ್ದು ಯುಟಿಸಿ, ಅಂದರೆ ಭೂಮಿಯ ಪ್ರಮಾಣ ಸಮಯ. ಅಲ್ಲಿನ ಮಧ್ಯಾಹ್ನ ನಮ್ಮ ಗಡಿಯಾರದಲ್ಲಿ ದಿನಾ ಸುಮಾರು 40 ನಿಮಿಷ ಮುಂದೆ ಜಾರುತ್ತದೆ. ಐದು ವಾರ ದಾಟುವಷ್ಟರಲ್ಲಿ ಗಡಿಯಾರವನ್ನು ಒಂದು ಸುತ್ತು ಹಾಕಿಬಿಡುತ್ತದೆ. ತಿಂಗಳುಗಟ್ಟಲೆ ಡೇಟಾ ಒಟ್ಟಿಗೆ ಹಾಕಿದರೆ ಯಾವ ಗುಂಪೂ ಉಳಿಯುವುದಿಲ್ಲ, ಎಲ್ಲವೂ ಕಲಸಿಹೋಗುತ್ತದೆ. ಮಂಗಳದ ಸ್ಥಳೀಯ ಸಮಯಕ್ಕೆ ಬದಲಿಸಿದ ಕೂಡಲೇ ನನ್ನ ಪಟ್ಟಿಯ ಬಹುಪಾಲು ಹಗಲಿನಲ್ಲಿ ರಾಶಿ ಬಿತ್ತು. ಎಲ್ಲ ಗಾಳಿ. ಉಳಿದದ್ದರಲ್ಲೂ ಜಾಸ್ತಿ ಭಾಗ, ಉಷ್ಣತೆ ಏರಿಳಿಯುವಾಗ ಉಪಕರಣವೇ ಮಾಡುವ ಸಣ್ಣ ಜಿಗಿತಗಳು.

ಇನ್ನೊಂದನ್ನೂ ಆಗಲೇ ಗಮನಿಸಬೇಕಿತ್ತು. ಕಂಪನ ಯಾವ ಹೊತ್ತಲ್ಲಾದರೂ ಆಗಬಹುದು, ಆದರೆ ಸಣ್ಣವು ಕೇಳಿಸುವುದು ಸೂರ್ಯ ಮುಳುಗಿ ಗಾಳಿ ನಿಂತ ಮೇಲೆ. ಹಾಗಾಗಿ ಮಂಗಳದ ಸಮಯದಲ್ಲಿ ಅಸಲಿ ಪಟ್ಟಿ ಸಮನಾಗಿ ಹರಡಿರಲು ಸಾಧ್ಯವೇ ಇಲ್ಲ. ಯಾವುದನ್ನು ಸಾಕ್ಷಿ ಅಂದುಕೊಂಡಿದ್ದೆನೋ ಅದೇ ಎಲ್ಲೋ ತಪ್ಪಾಗಿದೆ ಅಂತ ಹೇಳುತ್ತಿತ್ತು. ಕಳಿಸಿದ್ದನ್ನು ವಾಪಸ್ ತಗೊಂಡೆ, ಸೆಮಿಸ್ಟರ್ ಪೂರ್ತಿ ಹೋಯಿತು.

ಈಗ ನಿಮ್ಮ "ಒಂದೇ ಸ್ಟೇಷನ್" ಪ್ರಶ್ನೆ. ನನ್ನ ಮಟ್ಟಿಗೆ ಅದು ತಪ್ಪು ಚಿಂತೆ. ಕಂಪನದಿಂದ ಎರಡು ಬಗೆಯ ಅಲೆ ಹೊರಡುತ್ತವೆ: ವೇಗದ ಪಿ ಅಲೆ ಮೊದಲು ಬರುತ್ತದೆ, ನಿಧಾನದ ಎಸ್ ಅಲೆ ಆಮೇಲೆ. ನಡುವಿನ ಅಂತರದಿಂದ ದೂರ ಗೊತ್ತಾಗುತ್ತದೆ. ಪಿ ಅಲೆ ನೆಲವನ್ನು ಯಾವ ಕಡೆ ಅಲ್ಲಾಡಿಸಿತು ಅನ್ನೋದರಿಂದ ದಿಕ್ಕು. ದೊಡ್ಡ ಕಂಪನಗಳಲ್ಲಿ ಹಲವು ಸರ್ಬರಸ್ ಫೋಸಿ ಬಿರುಕುಗಳ ಕಡೆಯಿಂದ ಬಂದವು ಅಂತ ಗೊತ್ತಾಗಿದ್ದು ಹೀಗೇ. 2021ರ ಡಿಸೆಂಬರ್ 24ರಂದು ಉಲ್ಕೆಯೊಂದು ಬಿದ್ದು ಸುಮಾರು 150 ಮೀಟರ್ ಅಗಲದ ಗುಂಡಿ ಮಾಡಿತು. ಮಂಗಳವನ್ನು ಸುತ್ತುವ ನೌಕೆ ಗುಂಡಿಯ ಫೋಟೋ ತೆಗೆದಿದೆ. ಅಂದರೆ ನಿಮ್ಮ ಲೆಕ್ಕ ಸರಿಯೋ ತಪ್ಪೋ ತಾಳೆ ನೋಡಲು ಉತ್ತರವೇ ಅಲ್ಲಿದೆ!

ಮಂಗಳದ ತಿರುಳಿನ ತ್ರಿಜ್ಯ ಸುಮಾರು 1,830 ಕಿ.ಮೀ. ಅಂತ 2021ರಲ್ಲಿ ಹೇಳಿದರು. 2023ರಲ್ಲಿ ಅದು 1,650ರಿಂದ 1,675ಕ್ಕೆ ಇಳಿಯಿತು, ಯಾಕಂದರೆ ತಿರುಳಿನ ಮೇಲೆ ಸುಮಾರು 150 ಕಿ.ಮೀ. ದಪ್ಪದ ಕರಗಿದ ಶಿಲೆಯ ಪದರ ಇದೆ ಅಂತ ಎರಡು ತಂಡಗಳು ತೋರಿಸಿದವು. ಸ್ಟೇಷನ್ ಅದೇ ಒಂದು. ಗ್ರಹದ ಇನ್ನೊಂದು ಬದಿಯಲ್ಲಿ ಬಿದ್ದ ಉಲ್ಕೆಯ ಅಲೆಗಳನ್ನು ಎಚ್ಚರದಿಂದ ಓದಿದ್ದು ಇಲ್ಲಿ ದೊಡ್ಡ ಸಹಾಯ ಮಾಡಿತು.

ಗಾಳಿ, ಉಪಕರಣಗಳ ಸದ್ದು ಯಾವುದು ಅಂತ ತಿಳಿಯದಿದ್ದರೆ ಹತ್ತು ಸ್ಟೇಷನ್ ಇದ್ದರೂ ಪ್ರಯೋಜನವಿಲ್ಲ. 1976ರಲ್ಲಿ ಮಂಗಳದ ಮೇಲಿಳಿದ ವೈಕಿಂಗ್ 2ರ ಸೀಸ್ಮೋಮೀಟರ್ ನೌಕೆಯ ಮೇಲೇ ಕೂತಿತ್ತು, ಹೆಚ್ಚಾಗಿ ಕೇಳಿಸಿದ್ದು ಗಾಳಿಯೇ. ಅದಕ್ಕೇ ಇನ್‌ಸೈಟ್‌ನಲ್ಲಿ ಅದನ್ನು ನೆಲಕ್ಕಿಳಿಸಿ ಮೇಲೊಂದು ಮುಚ್ಚಳ ಹಾಕಿದರು. ನಮ್ಮ ಚಂದ್ರಯಾನ-3ರ ಕಂಪನ ಅಳೆಯುವ ಉಪಕರಣ ಇಲ್ಸಾ ಕೂಡ ಪ್ರಜ್ಞಾನ್ ರೋವರ್ ಓಡಾಡಿದ ಕಂಪನವನ್ನು ದಾಖಲಿಸಿತ್ತು. ಅದನ್ನು ಗುರುತಿಸಿದ ಮೇಲಷ್ಟೇ ಬೇರೆ ಕಂಪನದ ಮಾತು.

ಮೆಷಿನ್ ಲರ್ನಿಂಗ್ ಎಲ್ಲ ಆಮೇಲೆ. ಡೇಟಾ ಉಚಿತವಾಗಿ ಸಿಗುತ್ತದೆ. ಮೊದಲು ಸುಮ್ನೆ ಒಂದು ದಿನದ ದಾಖಲೆ ತೆಗೆಯಿರಿ, ಮಂಗಳದ ಸಮಯಕ್ಕೆ ಬದಲಿಸಿ, ಗಾಳಿ ಮತ್ತು ಒತ್ತಡದ ದಾಖಲೆ ಪಕ್ಕದಲ್ಲಿಟ್ಟು ಕಣ್ಣಲ್ಲೇ ನೋಡಿ. ಆಮೇಲೆ 2022ರ ಮೇ 4ರ 4.7 ತೀವ್ರತೆಯ ಕಂಪನ ತೆರೆಯಿರಿ, ಅಲ್ಲಿ ದಾಖಲಾದದ್ದರಲ್ಲೇ ದೊಡ್ಡದು. ಪಿ ಎಲ್ಲಿ, ಎಸ್ ಎಲ್ಲಿ ಅಂತ ನೀವೇ ಗುರುತಿಸಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾಮೆಂಟ್‌ನಲ್ಲಿ ಕೇಳಿ, ಖಂಡಿತ ನೋಡುತ್ತೇನೆ.