ಗಿಡವೇ ಮಾಡಿಕೊಡುವಾಗ ಲ್ಯಾಬಲ್ಲಿ ಯಾಕೆ ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕಾಚಂಪುಳಿಯ, ಅಂದರೆ ನಮ್ಮ ಕೊಡಗಿನ ಅಡುಗೆಯ ಹುಳಿಯ, ಆಮ್ಲವನ್ನು ಮರವೇ ಒಂದೇ ರೂಪದಲ್ಲಿ ಮಾಡಿಕೊಡುತ್ತದೆ, ಹಾಗಿದ್ದ ಮೇಲೆ ಅಸಿಮೆಟ್ರಿಕ್ ಸಿಂಥೆಸಿಸ್ (ಕನ್ನಡಿ ಬಿಂಬದಂತಿರುವ ಎರಡು ಅಣುಗಳಲ್ಲಿ ಬೇಕಾದ ಒಂದನ್ನೇ ತಯಾರಿಸುವುದು) ಅಂತ ವರ್ಷಗಟ್ಟಲೆ ಲ್ಯಾಬಲ್ಲಿ ಕೂರುವುದು ಯಾಕೆ, ಎಂಎಸ್ಸಿ ಮುಗಿಸಿ ಅದರಲ್ಲೇ ಪಿಎಚ್‌ಡಿ ಮಾಡಬಹುದಾ? ನಾನು ವಿರಾಜಪೇಟೆ ಕಡೆಯವನು, ನನ್ನ ಕೆಲಸವೂ ಇದೇ. ಖಂಡಿತ ಮಾಡಿ.

ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹಣ್ಣು ಆಯ್ದು, ರಸ ಇಳಿಸಿ, ಕಪ್ಪಗೆ ಮಂದವಾಗುವ ತನಕ ಕುದಿಸಿ ಇಡುತ್ತೇವಲ್ಲ, ಆ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದರಲ್ಲಿ ಎರಡು ಕೈರಲ್ ಕಾರ್ಬನ್ ಇವೆ, ಅಂದರೆ ಸುತ್ತಲಿನ ಗುಂಪುಗಳು ಎಡಗೈ-ಬಲಗೈಯಂತೆ ಎರಡು ರೀತಿಯಲ್ಲಿ ಕೂರಬಲ್ಲ ಕಾರ್ಬನ್. ಹಾಗಾಗಿ ಅದೇ ಪರಮಾಣುಗಳು ಅದೇ ಕ್ರಮದಲ್ಲಿ ಸೇರಿದರೂ ನಾಲ್ಕು ಬೇರೆ ಬೇರೆ ಆಕಾರ ಬರಬಹುದು. ನಮ್ಮ ಮರ ಮಾಡುವುದು ಒಂದನ್ನು. ದಾಸವಾಳದ ಜಾತಿಗೆ ಸೇರಿದ ಕೆಂಪು ಪುಂಡಿ ಇನ್ನೊಂದನ್ನು ಮಾಡುತ್ತದೆ. ಉಳಿದೆರಡು ಇವುಗಳದ್ದೇ ಕನ್ನಡಿ ಬಿಂಬ, ಅವು ಬೇಕಾದರೆ ಯಾವ ಮರದ ಕೆಳಗೆ ಹೋಗಿ ನಿಲ್ಲುತ್ತೀರಿ?

ಔಷಧಿಯಲ್ಲಂತೂ ಇದು ಸಣ್ಣ ವಿಷಯ ಅಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ನಮ್ಮ ನಸುಗುನ್ನಿ ಬೀಜದಲ್ಲೂ ಇದೆ. ಅದರ ಕನ್ನಡಿ ಬಿಂಬ ಡಿ-ಡೋಪಾ ರೋಗಿಗೆ ಉಪಯೋಗ ಇಲ್ಲ, ಮೇಲಿಂದ ತೊಂದರೆ ಬೇರೆ. ಮಾಮೂಲಿ ರೀತಿಯಲ್ಲಿ ತಯಾರಿಸಿದರೆ ಎರಡೂ ಅರ್ಧರ್ಧ ಬರುತ್ತವೆ, ಬೇರ್ಪಡಿಸಿದ ಮೇಲೆ ಅರ್ಧ ಮಾಲು ಬೇಡದ್ದು. ಮೊನ್ಸಾಂಟೊ ಕಂಪನಿಯಲ್ಲಿದ್ದ ವಿಲಿಯಂ ನೋಲ್ಸ್ ರೋಡಿಯಂ ಲೋಹಕ್ಕೆ ಡಿಪ್ಯಾಂಪ್ ಅನ್ನುವ ಕೈರಲ್ ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಂಡು ರಿಯಾಕ್ಷನ್ನನ್ನು ಒಂದೇ ಕೈಯ ಕಡೆಗೆ ನಡೆಸುವ ಅಣು) ಜೋಡಿಸಿ, ಎಲ್-ಡೋಪಾ ತಯಾರಿಸುವ ಕೆಲಸದಲ್ಲಿ 95% ಇಇ (ಬೇಕಾದ ರೂಪ ಬೇಡದ್ದಕ್ಕಿಂತ ಎಷ್ಟು ಹೆಚ್ಚು ಅನ್ನುವ ಅಳತೆ) ತೆಗೆದರು. ಅಂದರೆ ನೂರು ಅಣುವಿನಲ್ಲಿ ಬೇಕಾದದ್ದೇ 97.5, ಬೇಡದ್ದು ಬರೀ 2.5. ಇಂಥ ಕೆಲಸಕ್ಕೇ 2001ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ನೊಯೊರಿಗೂ ಶಾರ್ಪ್‌ಲೆಸ್‌ಗೂ ಬಂತು.

ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ಒಂದು ಲೆಕ್ಕ. ಎಡಗೈ ರೂಪ ಹುಟ್ಟುವ ದಾರಿಗೂ ಬಲಗೈ ರೂಪ ಹುಟ್ಟುವ ದಾರಿಗೂ ಬೇಕಾದ ಶಕ್ತಿಯಲ್ಲಿ ಮೋಲಿಗೆ ಸುಮಾರು 2 ಕಿಲೋಕ್ಯಾಲರಿ ವ್ಯತ್ಯಾಸ ತಂದರೆ ಸಾಕು, ರೂಮಿನ ಉಷ್ಣತೆಯಲ್ಲೇ 95% ಇಇ ಹತ್ತಿರ ಹೋಗುತ್ತದೆ. ಅಷ್ಟು ಸಣ್ಣ ವ್ಯತ್ಯಾಸ! ಆದರೆ ಅದನ್ನು ಹುಟ್ಟಿಸಲು ಲಿಗ್ಯಾಂಡಿನ ಒಂದು ಮೂಲೆ ಬದಲಿಸಬೇಕು, ಸಾಲ್ವೆಂಟ್ ಬದಲಿಸಬೇಕು, ಸಾಲದಿದ್ದರೆ ಡ್ರೈ ಐಸ್ ಹಾಕಿ ಮೈನಸ್ 78 ಡಿಗ್ರಿಗೆ ಇಳಿಸಬೇಕು, ಮತ್ತೆ ಎರಡೂ ರೂಪಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಕೂರಬೇಕು. ರೇಸಮಿಕ್ (ಎರಡೂ ರೂಪ ಅರ್ಧರ್ಧ ಇರುವ) ಸ್ಯಾಂಪಲ್ ಹಾಕಿದರೆ ಒಂದೇ ಗಾತ್ರದ ಎರಡು ಪೀಕ್ ಬರುತ್ತವೆ. ಕ್ಯಾಟಲಿಸ್ಟ್ (ವೇಗವರ್ಧಕ) ಕೆಲಸ ಮಾಡಿದ ದಿನ ಒಂದು ಪೀಕ್ ಎತ್ತರಕ್ಕೆ ಏರಿ, ಇನ್ನೊಂದರ ಜಾಗದಲ್ಲಿ ಸಣ್ಣ ಉಬ್ಬು ಮಾತ್ರ ಕಾಣುತ್ತದೆ. ಆ ಖುಷಿಯನ್ನು ಹೇಗೆ ಹೇಳಲಿ ನಿಮಗೆ.

ಇನ್ನೊಂದು ವಿಷಯ, ಗಿಡ ಮತ್ತು ಲ್ಯಾಬ್ ಎದುರಾಳಿಗಳು ಅನ್ನುವ ಯೋಚನೆ ಬಿಡಿ. ಶಾರ್ಪ್‌ಲೆಸ್ 1980ರಲ್ಲಿ ಎಪಾಕ್ಸಿಡೇಷನ್ ಅನ್ನುವ, ಅಣುವಿಗೆ ಒಂದು ಆಮ್ಲಜನಕ ಸೇರಿಸುವ ರಿಯಾಕ್ಷನ್‌ಗೆ ಬಳಸಿದ್ದು ದ್ರಾಕ್ಷಿಯಲ್ಲಿ ಇರುವ ಟಾರ್ಟಾರಿಕ್ ಆಮ್ಲದ ಎಸ್ಟರ್. ಅವರದ್ದೇ ಡೈಹೈಡ್ರಾಕ್ಸಿಲೇಷನ್‌ಗೆ, ಅಂದರೆ ಎರಡು ಒಎಚ್ ಗುಂಪು ಸೇರಿಸುವ ರಿಯಾಕ್ಷನ್‌ಗೆ, ಬೇಕಾದ್ದು ಸಿಂಕೋನಾ ತೊಗಟೆಯಿಂದ ಬಂತು, ಪಕ್ಕದ ನೀಲಗಿರಿಯಲ್ಲಿ ಬ್ರಿಟಿಷರು ನೆಟ್ಟ ಅದೇ ಸಿಂಕೋನಾ. ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದವರು ನಮ್ಮ ಕಾಚಂಪುಳಿ ಜಾತಿಯ ಹಣ್ಣಿನ ಆಮ್ಲದಿಂದಲೇ ಹೊಸ ಕೈರಲ್ ಅಣುಗಳನ್ನು ಕಟ್ಟಿದ್ದಾರೆ. ಮರ ಕೊಟ್ಟ ಒಂದು ಕೈಯನ್ನು ಹಿಡಿದುಕೊಂಡು, ಮರ ಎಂದೂ ಮಾಡದ ಅಣುಗಳನ್ನು ನಾವು ಮಾಡುತ್ತೇವೆ.

ಪಿಎಚ್‌ಡಿಗೆ ಸೇರುವ ಮೊದಲು ಒಂದು ಪ್ರಯೋಗ ಮಾಡಿ ನೋಡಿ. ರೋಡಿಯಂ ದುಬಾರಿ, ನಮ್ಮ ಕಾಲೇಜುಗಳಿಗೆ ಆಗದು. ಪ್ರೋಲಿನ್ ಹಾಗಲ್ಲ, ಅದೊಂದು ಮಾಮೂಲಿ ಅಮೈನೋ ಆಮ್ಲ, ಆದರೂ ಕ್ಯಾಟಲಿಸ್ಟ್ ಕೆಲಸ ಮಾಡುತ್ತದೆ. 2000ದಲ್ಲಿ ಬೆಂಜಮಿನ್ ಲಿಸ್ಟ್ ಮತ್ತು ಜೊತೆಯವರು ಅಸಿಟೋನ್ ಮತ್ತು 4-ನೈಟ್ರೊಬೆಂಜಾಲ್ಡಿಹೈಡನ್ನು ಡಿಎಂಎಸ್‌ಒ ಅನ್ನುವ ಸಾಲ್ವೆಂಟಿನಲ್ಲಿ ಎಲ್-ಪ್ರೋಲಿನ್ ಜೊತೆ ಕಲಕಿ, 68% ಇಳುವರಿ ಮತ್ತು 76% ಇಇ ಪಡೆದರು. ಲೋಹವಿಲ್ಲದ ಇಂಥ ಕ್ಯಾಟಲಿಸ್ಟ್‌ಗಳಿಗೇ 2021ರಲ್ಲಿ ಲಿಸ್ಟ್ ಮತ್ತು ಮ್ಯಾಕ್‌ಮಿಲನ್ ಇಬ್ಬರಿಗೂ ನೊಬೆಲ್ ಸಿಕ್ಕಿತು. ಲೋಹ ಬೇಡ, ಗಾಳಿ ತಾಗದಂತೆ ಕೆಲಸ ಮಾಡುವ ಗ್ಲೋವ್ ಬಾಕ್ಸ್ ಬೇಡ. ಜುಲೈ ಮಳೆಯಲ್ಲಿ ಮಡಿಕೇರಿಯ ಲ್ಯಾಬಲ್ಲೂ ಮಾಡಬಹುದು. ಎಚ್‌ಪಿಎಲ್‌ಸಿ ಇಲ್ಲದಿದ್ದರೆ, ಧ್ರುವೀಕರಿಸಿದ ಬೆಳಕನ್ನು ದ್ರಾವಣ ಎತ್ತ ತಿರುಗಿಸುತ್ತದೆ ಅಂತ ಅಳೆಯುವ ಪೋಲಾರಿಮೀಟರ್ ಸಾಕು. ಬೆಳಕು ಒಂದು ಕಡೆಗೆ ತಿರುಗುತ್ತದೆ. ಆಮೇಲೆ ಡಿ-ಪ್ರೋಲಿನ್ ಹಾಕಿ ಅದೇ ರಿಯಾಕ್ಷನ್ ಮಾಡಿ, ಇನ್ನೊಂದು ಕಡೆಗೆ ತಿರುಗುತ್ತದೆ. ಅದನ್ನು ನೋಡಿದ ಮೇಲೂ ಇದೇ ಬೇಕು ಅನ್ನಿಸಿದರೆ ಗೈಡ್ ಹುಡುಕಿ. ಅವರ ಲ್ಯಾಬಲ್ಲಿ ಕೈರಲ್ ಕಾಲಂ ಇರುವ ಎಚ್‌ಪಿಎಲ್‌ಸಿ ವಿದ್ಯಾರ್ಥಿಗಳ ಕೈಗೆ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.